ವಾರಕ್ಕೊಮ್ಮೆ ಬರುವ ಹಲ್ಲಿನ ತಜ್ಞರು

ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ಈಗ ಅದು ಹಲ್ಲಿನ ವೈದ್ಯರಿಗೇ ಒಪ್ಪುವಂತಾಗಿದೆ. ನಲವತ್ತಕ್ಕೂ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿರುವ ನಾಡು ಕರ್ನಾಟಕ. ಬೆಂಗಳೂರಿನ ಬಡಾವಣೆಗಳಲ್ಲಿ ಒಂದೇ ರಸ್ತೆಗೆ ಎರಡು ಮೂರು ದಂತ ಚಿಕಿತ್ಸಾಲಯಗಳ ಫಲಕ ಕಾಣುತ್ತವೆ. ಅಲ್ಲಿ ತಜ್ಞರು ರೋಗಿಗಾಗಿ ಕಾಯುತ್ತಾರೆ. ಯಾದಗಿರಿ, ಶಹಾಪುರ, ಸುರಪುರದ ಕಡೆ ಹೋದರೆ ರೋಗಿಯೇ ತಜ್ಞರಿಗಾಗಿ ಕಾಯಬೇಕು. ‘ದೊಡ್ಡ ಡಾಕ್ಟ್ರು ಐತವಾರ ಬರ್ತಾರ, ಅವತ್ತ ಬರ್ರಿ’ ಎಂಬ ಉತ್ತರ ಇಂಥ ಊರುಗಳ ಹಲ್ಲಿನ ದವಾಖಾನೆಗಳಲ್ಲಿ ಸಾಮಾನ್ಯ.

ಆ ಐತವಾರದ ಡಾಕ್ಟರು ಯಾರು? ಎಲ್ಲಿಂದ ಬರುತ್ತಾರೆ? ಎಂಟು ವರ್ಷ ಓದಿ ಪಡೆದ ವಿದ್ಯೆ ಅವರಿಗೆ ತೃಪ್ತಿ ಕೊಟ್ಟಿದೆಯೇ? ದುಡಿಮೆ ಮುಗಿದ ಮೇಲೆ ಹೆಂಡತಿ, ಗಂಡ, ಮಕ್ಕಳು, ಸ್ವಂತ ಬದುಕು ಎಂಬುದಕ್ಕೆ ಎಷ್ಟು ಹೊತ್ತು ಉಳಿಯುತ್ತದೆ? ಮೇಲ್ನೋಟಕ್ಕೆ ಇದು ವೈದ್ಯರ ಖಾಸಗಿ ಪ್ರಶ್ನೆ ಎನಿಸಬಹುದು. ಆದರೆ ಬೇಸತ್ತ ತಜ್ಞರು ದಾರಿ ಬಿಟ್ಟುಕೊಟ್ಟ ಮರುದಿನದಿಂದ ಆ ಊರಿನ ಹಲ್ಲುನೋವಿಗೆ ಉಳಿಯುವುದು ಒಂದೇ ಮದ್ದು: ಕೀಳುವುದು. ಹೀಗಾಗಿ ತಜ್ಞರ ತೃಪ್ತಿಗೂ ಊರಿನ ಹಲ್ಲಿಗೂ ನೇರ ಸಂಬಂಧವಿದೆ.

ಒಂಬತ್ತು ಕವಲುಗಳು

ಹಲ್ಲಿನ ವೈದ್ಯರೆಂದರೆ ಎಲ್ಲರೂ ಒಂದೇ ಎಂದು ಜನ ತಿಳಿಯುವುದು ಸಹಜ. ವಾಸ್ತವದಲ್ಲಿ ಬಿ.ಡಿ.ಎಸ್. ಪದವಿಗೆ ನಾಲ್ಕು ವರ್ಷದ ಓದು, ಒಂದು ವರ್ಷದ ತರಬೇತಿ. ಅದರ ಮೇಲೆ ಪ್ರವೇಶ ಪರೀಕ್ಷೆ ಬರೆದು ಮೂರು ವರ್ಷ ಎಂ.ಡಿ.ಎಸ್. ಓದಿದವರು ತಜ್ಞರು. ಅವರಲ್ಲಿ ಒಂಬತ್ತು ಕವಲು. ಹಲ್ಲಿನ ಬೇರಿನೊಳಗಿನ ನಾಳವನ್ನು ಶುದ್ಧಮಾಡಿ ಹಲ್ಲು ಉಳಿಸುವವರು ಒಬ್ಬರು. ಇದೇ ಜನರ ಬಾಯಲ್ಲಿ ರೂಟ್ ಕೆನಾಲ್. ವಕ್ರದಂತಕ್ಕೆ ತಂತಿ ಕಟ್ಟುವವರು ಮತ್ತೊಬ್ಬರು. ಒಸಡಿನವರು, ಕಟ್ಟುಹಲ್ಲಿನವರು, ದವಡೆಯ ಶಸ್ತ್ರಚಿಕಿತ್ಸೆಯವರು, ಮಕ್ಕಳ ಹಲ್ಲಿನವರು, ಬಾಯಿಯ ರೋಗ ಮತ್ತು ಎಕ್ಸ್-ರೇ ನೋಡುವವರು ಬೇರೆ ಬೇರೆ. ಬಾಯಿಯೊಳಗಿನ ಗಂಟು, ಹುಣ್ಣಿನ ತುಣುಕನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳುವವರು ಎಂಟನೆಯವರು. ಇಡೀ ಊರಿನ ಹಲ್ಲಿನ ಆರೋಗ್ಯವನ್ನು ಲೆಕ್ಕ ಹಾಕಿ ರೋಗ ಬಾರದಂತೆ ಯೋಜನೆ ರೂಪಿಸುವ ಸಾರ್ವಜನಿಕ ದಂತ ಆರೋಗ್ಯ ತಜ್ಞರು ಒಂಬತ್ತನೆಯವರು.

ಈ ವಿದ್ಯೆ ನಮ್ಮಲ್ಲಿ ಬೇರೂರಿ ನೂರು ವರ್ಷ ದಾಟಿದೆಯಷ್ಟೆ. ಅಮೆರಿಕದ ಅಯೋವಾದಲ್ಲಿ ಓದಿ ಬಂದ ಡಾ. ರಫಿಯುದ್ದೀನ್ ಅಹ್ಮದ್ 1920ರಲ್ಲಿ ಕಲ್ಕತ್ತೆಯಲ್ಲಿ ದೇಶದ ಮೊದಲ ದಂತ ವೈದ್ಯಕೀಯ ಕಾಲೇಜು ತೆರೆದರು. ಅದನ್ನು ನಡೆಸಲು ದುಡ್ಡು ಸಾಲದೆ ಅವರು ‘ನ್ಯೂಯಾರ್ಕ್ ಸೋಡಾ ಫೌಂಟನ್’ ಎಂಬ ಅಂಗಡಿಯ ವರಮಾನವನ್ನು ಕಾಲೇಜಿಗೆ ಹಾಕಿದರು. 1948ರಲ್ಲಿ ದಂತ ವೈದ್ಯರ ಕಾಯ್ದೆ ಬಂತು. ಬೆಂಗಳೂರಿನಲ್ಲಿ 1958ರಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು, ಮಣಿಪಾಲದಲ್ಲಿ 1965ರಲ್ಲಿ ಖಾಸಗಿ ಕಾಲೇಜು ಪ್ರಾರಂಭವಾದವು. ಎಂಬತ್ತರ ದಶಕದಲ್ಲಿ ಖಾಸಗಿ ಕಾಲೇಜುಗಳ ಸಾಲೇ ಎದ್ದು ನಿಂತಿತು. ಹಳೆಯ ಹೈದರಾಬಾದ್ ಕರ್ನಾಟಕದಲ್ಲಿ ಕಲಬುರಗಿ ಮತ್ತು ರಾಯಚೂರಿಗೂ ಕಾಲೇಜು ಬಂದವು. ಅಂದರೆ ಓದುವ ಜಾಗ ಯಾದಗಿರಿಯ ಎರಡೂ ಮಗ್ಗುಲಿಗೆ ಬಂದು ನಿಂತಿತು. 2010ರಲ್ಲಿ ರಾಜ್ಯದ 30ನೇ ಜಿಲ್ಲೆಯಾದ ಯಾದಗಿರಿಯೊಳಗೆ ಮಾತ್ರ ದಂತ ವೈದ್ಯಕೀಯ ಕಾಲೇಜಿಲ್ಲ.

ಇಲ್ಲಿ ಒಂದು ಕಾಕತಾಳೀಯವನ್ನು ಗಮನಿಸಬೇಕು. ದಂತ ವೈದ್ಯರ ಕಾಯ್ದೆ ಬಂದ 1948ರಲ್ಲೇ ಕಾರ್ಖಾನೆಗಳ ಕಾಯ್ದೆಯೂ ಬಂತು. ಕಾರ್ಮಿಕನ ದುಡಿಮೆ ವಾರಕ್ಕೆ 48 ತಾಸು ಮೀರಬಾರದೆಂದು ಅದು ಗೆರೆ ಎಳೆಯಿತು. ಯಾರು ದಂತ ವೈದ್ಯ, ಯಾರು ಅಲ್ಲ ಎಂದು ಮೊದಲ ಕಾಯ್ದೆ ಹೇಳಿತೇ ಹೊರತು ಅವರು ಎಷ್ಟು ತಾಸು ದುಡಿಯಬೇಕೆಂದು ಹೇಳಲಿಲ್ಲ. ಅದರ ಬದಲಿಗೆ ಸಂಸತ್ತು 2023ರಲ್ಲಿ ಅಂಗೀಕರಿಸಿದ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯ ಗಮನವೂ ಶಿಕ್ಷಣ ಮತ್ತು ವೃತ್ತಿಯ ನಿಯಂತ್ರಣದ ಮೇಲೆಯೇ. ಸ್ವಂತ ದವಾಖಾನೆ ಇಟ್ಟವರು ತಮಗೆ ತಾವೇ ಮಾಲೀಕರು, ತಮಗೆ ತಾವೇ ಕೂಲಿಗಳು.

ಮೂರು ಊರು, ಒಂದು ಚೀಲ

ಯಾದಗಿರಿಗೆ ಮುಂಬಯಿ-ಚೆನ್ನೈ ರೈಲು ದಾರಿಯ ನಿಲ್ದಾಣವಿದೆ. ಕಲಬುರಗಿಯಿಂದಲೋ ರಾಯಚೂರಿನಿಂದಲೋ ಬೆಳಗಿನ ಗಾಡಿ ಹಿಡಿದು ಬರಬಹುದು. ಶಹಾಪುರಕ್ಕೂ ಸುರಪುರಕ್ಕೂ ರೈಲಿಲ್ಲ. ಬಸ್ಸು, ಇಲ್ಲವೇ ಸ್ವಂತ ಕಾರು. ಯಾದಗಿರಿಯಿಂದ ಶಹಾಪುರ ಮೂವತ್ತೈದು ಕಿಲೋಮೀಟರಿನ ಆಸುಪಾಸು. ಅಲ್ಲಿಂದ ಸುರಪುರ ಇನ್ನೂ ಇಪ್ಪತ್ತೈದರಷ್ಟು. ನಕ್ಷೆಯ ಮೇಲೆ ಇದು ದೂರವೇನಲ್ಲ. ಆದರೆ ತಜ್ಞರ ದಿನಚರಿಯಲ್ಲಿ ಈ ದೂರ ಪ್ರತಿ ವಾರ ಬರುತ್ತದೆ, ಹೋಗುತ್ತದೆ.

ವ್ಯವಸ್ಥೆ ಹೀಗಿದೆ. ತಾಲ್ಲೂಕು ಊರಿನಲ್ಲಿ ಬಿ.ಡಿ.ಎಸ್. ಓದಿದ ಸ್ಥಳೀಯ ವೈದ್ಯರು ದವಾಖಾನೆ ಇಟ್ಟಿರುತ್ತಾರೆ. ಜಾಗ, ಕುರ್ಚಿ, ಎಕ್ಸ್-ರೇ, ಸಹಾಯಕರು ಎಲ್ಲ ಅವರದು. ರೋಗಿಯ ಪರಿಚಯವೂ ಅವರದೇ. ತಮ್ಮ ಕೈಗೆ ಮೀರಿದ ಕೆಲಸಗಳನ್ನು ಅವರು ಒಟ್ಟುಗೂಡಿಸಿ ಇಡುತ್ತಾರೆ. ಗೊತ್ತಾದ ದಿನ ತಜ್ಞರು ತಮ್ಮ ಸಲಕರಣೆಯ ಚೀಲ ಹಿಡಿದು ಬಂದು, ಒಂದಾದ ಮೇಲೊಂದು ಮುಗಿಸಿ, ಶುಲ್ಕದಲ್ಲಿ ತಮ್ಮ ಪಾಲು ಪಡೆದು, ಮುಂದಿನ ಊರಿಗೆ ಹೊರಡುತ್ತಾರೆ. ವಾರದ ಉಳಿದ ದಿನ ಅವರು ಯಾವುದಾದರೂ ಕಾಲೇಜಿನಲ್ಲಿ ಪಾಠ ಹೇಳುತ್ತಿರಬಹುದು, ನಗರದಲ್ಲಿ ಸ್ವಂತ ದವಾಖಾನೆ ನಡೆಸುತ್ತಿರಬಹುದು. ಹಿಂದೆ ಸಂತೆಯಿಂದ ಸಂತೆಗೆ ಹೋಗಿ ಹಲ್ಲು ಕೀಳುವವರಿದ್ದರಲ್ಲ, ಅದೇ ದಾರಿಯಲ್ಲಿ ಈಗ ಹಲ್ಲು ಉಳಿಸುವವರು ಓಡಾಡುತ್ತಿದ್ದಾರೆ ಎನ್ನಬಹುದು.

ಈ ಏರ್ಪಾಡಿನಿಂದ ಊರಿಗೆ ಲಾಭವಿದೆ. ಸುರಪುರದ ಹುಡುಗಿ ವಕ್ರದಂತಕ್ಕೆ ತಂತಿ ಹಾಕಿಸಿಕೊಳ್ಳಲು ತಿಂಗಳಿಗೊಮ್ಮೆ ಕಲಬುರಗಿಗೆ ಹೋಗಬೇಕಿಲ್ಲ. ಆ ಚಿಕಿತ್ಸೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ನಡೆಯುತ್ತದೆ, ತಿಂಗಳಿಗೊಮ್ಮೆ ನೋಡಿದರೆ ಸಾಕಾಗುತ್ತದೆ. ಹಾಗಾಗಿ ಬಂದುಹೋಗುವ ತಜ್ಞರಿಗೆ ಹೊಂದುತ್ತದೆ. ಆದರೆ ಎಲ್ಲ ಕೆಲಸವೂ ಹೀಗೆ ಕ್ಯಾಲೆಂಡರಿಗೆ ಒಗ್ಗುವುದಿಲ್ಲ. ಬೇರುನಾಳದ ಚಿಕಿತ್ಸೆ ಮಾಡಿಸಿಕೊಂಡವನಿಗೆ ಮರುದಿನ ರಾತ್ರಿ ಬಾವು ಬಂದರೆ ತಜ್ಞರು ಊರಲ್ಲಿರುವುದಿಲ್ಲ. ಫೋನು ಬರುತ್ತದೆ. ಮನೆಯಲ್ಲಿ ಊಟಕ್ಕೆ ಕೂತ ಡಾಕ್ಟರು ಎಪ್ಪತ್ತು ಎಂಬತ್ತು ಕಿಲೋಮೀಟರ್ ದೂರದಿಂದ ಫೋನಿನಲ್ಲೇ ಔಷಧ ಹೇಳಬೇಕಾಗುತ್ತದೆ. ಕೆಲಸ ಎಲ್ಲಿ ಮುಗಿಯಿತು, ಮನೆ ಎಲ್ಲಿ ಶುರುವಾಯಿತು ಎಂಬ ಗೆರೆ ಅಳಿಸುವುದು ಇಲ್ಲಿಯೇ.

ತೃಪ್ತಿಯ ಅಳತೆಗೋಲು

ತೃಪ್ತಿ ಎಂಬುದು ಮನಸ್ಸಿನ ಮಾತು. ಅದನ್ನು ಅಳೆಯುವುದಾದರೂ ಹೇಗೆ? ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಪಿಟ್ಸ್‌ಬರ್ಗ್ ಸುತ್ತಿನ ಸುಮಾರು 200 ಎಂಜಿನಿಯರರು ಮತ್ತು ಲೆಕ್ಕಿಗರನ್ನು ಮಾತನಾಡಿಸಿ 1959ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರ ತೀರ್ಮಾನ ಕುತೂಹಲಕರ. ಸಂಬಳ, ಮೇಲಧಿಕಾರಿ, ಕೆಲಸದ ಜಾಗ ಇವು ಕೆಟ್ಟರೆ ಅಸಮಾಧಾನ ಹುಟ್ಟುತ್ತದೆ. ಆದರೆ ಇವು ಸರಿಯಾದ ಮಾತ್ರಕ್ಕೆ ತೃಪ್ತಿ ಹುಟ್ಟುವುದಿಲ್ಲ. ತೃಪ್ತಿ ಬರುವುದು ಕೆಲಸದೊಳಗಿನಿಂದ: ಕೈಹಿಡಿದದ್ದನ್ನು ಸಾಧಿಸಿದ ಭಾವ, ಅದನ್ನು ಇತರರು ಗುರುತಿಸುವುದು, ಹೊಣೆ, ಬೆಳವಣಿಗೆ. ಈ ಸಿದ್ಧಾಂತವನ್ನು ಮುಂದೆ ಹಲವರು ಪ್ರಶ್ನಿಸಿದ್ದಾರೆ. ಆದರೂ ಅಸಮಾಧಾನ ಇಲ್ಲದಿರುವುದು ಬೇರೆ, ತೃಪ್ತಿ ಇರುವುದು ಬೇರೆ ಎಂಬ ಅವರ ಮಾತು ಇಂದಿಗೂ ಉಪಯುಕ್ತವೇ.

ದಂತ ವೈದ್ಯರಿಗೆಂದೇ ಒಂದು ಪ್ರಶ್ನಾವಳಿ 1990ರಲ್ಲಿ ಕ್ಯಾಲಿಫೋರ್ನಿಯಾದ ಅಧ್ಯಯನವೊಂದರಿಂದ ಹೊರಬಂತು. ಮುಂದೆ ಬೇರೆ ದೇಶಗಳ ಸಂಶೋಧಕರೂ ಅದನ್ನು ಬಳಸಿದರು. ಅದು ಆದಾಯವೊಂದನ್ನೇ ಕೇಳುವುದಿಲ್ಲ. ರೋಗಿಗಳೊಡನೆ ಸಂಬಂಧ ಹೇಗಿದೆ, ಮನಸ್ಸಿಗೆ ಒಪ್ಪುವಂತೆ ಚಿಕಿತ್ಸೆ ಕೊಡಲು ಆಗುತ್ತಿದೆಯೇ, ಸಮಾಜದಲ್ಲಿ ಗೌರವ ಇದೆಯೇ, ಸಹಾಯಕರು ಹೇಗೆ, ದವಾಖಾನೆ ನಡೆಸುವ ತಲೆಬಿಸಿ ಎಷ್ಟು, ಹೊಸದನ್ನು ಕಲಿಯಲು ಹೊತ್ತು ಸಿಗುತ್ತದೆಯೇ, ಸ್ವಂತಕ್ಕೆ ಹೊತ್ತು ಉಳಿಯುತ್ತದೆಯೇ, ಒತ್ತಡ ಎಷ್ಟು ಎಂದೆಲ್ಲ ಕೇಳುತ್ತದೆ.

ಇದರ ಇನ್ನೊಂದು ಮಗ್ಗುಲು ದಣಿವು. ದೇಹದ ದಣಿವು ನಿದ್ದೆಯಿಂದ ಹೋಗುತ್ತದೆ, ಇದು ಹೋಗುವುದಿಲ್ಲ. 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ‘ಬರ್ನ್ಔಟ್’ ಎಂದು ಕರೆದರು. ಎಣ್ಣೆ ತೀರಿದ ದೀಪದ ಬತ್ತಿ ಕರಕಾಗುವುದನ್ನು ನೆನೆದರೆ ಅರ್ಥ ಹೊಳೆಯುತ್ತದೆ. ಕ್ರಿಸ್ಟೀನಾ ಮಾಸ್ಲಾಕ್ 1981ರಲ್ಲಿ ಸಹೋದ್ಯೋಗಿಯೊಡನೆ ಅದಕ್ಕೊಂದು ಅಳತೆಗೋಲು ರೂಪಿಸಿದರು. ಭಾವನೆ ಬತ್ತುವುದು, ಎದುರಿನ ಮನುಷ್ಯ ಬರೀ ಒಂದು ‘ಕೇಸು’ ಆಗಿ ಕಾಣುವುದು, ಮಾಡಿದ ಕೆಲಸಕ್ಕೆ ಬೆಲೆಯಿಲ್ಲವೆನಿಸುವುದು ಅದರ ಮೂರು ಲಕ್ಷಣ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ರೋಗವೆಂದು ಕರೆಯದೆ, ದುಡಿಮೆಗೆ ಸಂಬಂಧಿಸಿದ ವಿದ್ಯಮಾನವೆಂದು ಪಟ್ಟಿಗೆ ಸೇರಿಸಿತು. ಊರೂರು ತಿರುಗಿ, ಹೆಸರು ಕೂಡ ತಿಳಿಯದ ರೋಗಿಗಳ ಬಾಯಿ ನೋಡುವ ತಜ್ಞರಿಗೆ ಎರಡನೆಯ ಲಕ್ಷಣದ ಅಪಾಯ ಹೆಚ್ಚು. ರೋಗಿಗೂ ಅವರ ಹೆಸರು ತಿಳಿದಿರುವುದಿಲ್ಲ. ‘ಹೊರಗಿಂದ ಬರೋ ಡಾಕ್ಟ್ರು’ ಎಂದಷ್ಟೇ ಗುರುತು. ಫಲಕದ ಮೇಲಿರುವ ಹೆಸರು ಸ್ಥಳೀಯರದು. ಹರ್ಜ್‌ಬರ್ಗ್ ಹೇಳಿದ ‘ಗುರುತಿಸುವಿಕೆ’ ಇಲ್ಲಿ ಅರ್ಧ ದಾರಿಯಲ್ಲೇ ಕಳೆದುಹೋಗುತ್ತದೆ.

‘ಕಿತ್ತು ಒಗೀರಿ ಸಾಹೇಬ್ರ’

ತಜ್ಞರ ವಿದ್ಯೆಯೆಲ್ಲ ಹಲ್ಲು ಉಳಿಸುವುದಕ್ಕೆ. ನೋವು ತಿಂದು ಬಂದ ರೈತನ ಬೇಡಿಕೆ ಅದಲ್ಲ. ‘ಮತ್ಯಾಕ ಬರೂದ್ರಿ? ಕಿತ್ತು ಒಗೀರಿ ಸಾಹೇಬ್ರ’ ಎಂಬ ಮಾತು ಈ ಭಾಗದಲ್ಲಿ ಹೊಸದಲ್ಲ. ಆ ಮಾತಿನ ಹಿಂದೆ ಅಜ್ಞಾನಕ್ಕಿಂತ ಲೆಕ್ಕಾಚಾರ ಹೆಚ್ಚು. ಒಂದು ಹಲ್ಲು ಉಳಿಸಲು ಎರಡು ಮೂರು ಸಲ ಬರಬೇಕು. ಒಂದೊಂದು ಸಲಕ್ಕೂ ಬಸ್ಸಿನ ಖರ್ಚು, ಒಂದು ದಿನದ ಕೂಲಿ ಹೋಗುತ್ತದೆ. ಕೊನೆಗೆ ಮೇಲೊಂದು ಕ್ಯಾಪು ಹಾಕಿಸಬೇಕು, ಅದಕ್ಕೆ ಬೇರೆ ದುಡ್ಡು. ಆರೋಗ್ಯ ವಿಮೆಗಳಲ್ಲಿ ಇಂಥ ದಿನನಿತ್ಯದ ಹಲ್ಲಿನ ಚಿಕಿತ್ಸೆಗೆ ಸಾಮಾನ್ಯವಾಗಿ ಜಾಗವಿಲ್ಲ. ಕಿತ್ತರೆ ಒಂದೇ ದಿನಕ್ಕೆ ಮುಗಿಯಿತು.

ಇದರ ಮೇಲೆ ಗುಳೆ. ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಬಹಳಷ್ಟು ಹೊಲಕ್ಕೆ ನೀರು ತಂದಿದೆ, ನಿಜ. ಕಾಲುವೆ ಮುಟ್ಟದ ಹಳ್ಳಿ, ತಾಂಡಾಗಳ ಜನ ಸುಗ್ಗಿ ಮುಗಿಸಿ ಬೆಂಗಳೂರು, ಪುಣೆ, ಮುಂಬಯಿಗೆ ದುಡಿಯಲು ಹೋಗುವುದು ನಿಂತಿಲ್ಲ. ಜಾತ್ರೆಗೋ ಯುಗಾದಿಗೋ ಊರಿಗೆ ಬಂದಾಗ ನಾಳ ತೆರೆಸಿ, ತಾತ್ಪೂರ್ತಿಕ ಸಿಮೆಂಟು ಹಾಕಿಸಿಕೊಂಡು ಮತ್ತೆ ಗಾಡಿ ಹತ್ತಿದವರ ಹಲ್ಲು ಮುಂದಿನ ಸಲ ಬರುವಷ್ಟರಲ್ಲಿ ಒಡೆದಿರುತ್ತದೆ. ಆಗ ಕೀಳುವುದೇ ಗತಿ. ತಜ್ಞರು ಗಂಟೆಗಟ್ಟಲೆ ಕುತ್ತಿಗೆ ಬಗ್ಗಿಸಿ ಮಾಡಿದ ಕೆಲಸ ಮಣ್ಣುಪಾಲು.

ತಾಲ್ಲೂಕು ಊರಿನ ತಜ್ಞರ ಅತೃಪ್ತಿಯ ಬೇರು ಇಲ್ಲಿದೆ ಎನ್ನಬೇಕು. ಕೆಲಸ ಹೆಚ್ಚಾಯಿತು ಎಂಬುದಕ್ಕಿಂತ ಕೆಲಸ ಪೂರ್ಣವಾಗಲಿಲ್ಲ ಎಂಬ ಕೊರಗು ದೊಡ್ಡದು. ಗಡಿಗೆ ಮಾಡುವ ಕುಂಬಾರನಿಗೆ ದಣಿವಾದರೂ ಸುಟ್ಟ ಗಡಿಗೆಯನ್ನು ತಟ್ಟಿ ನಾದ ಕೇಳಿದಾಗ ಸಮಾಧಾನವಾಗುತ್ತದೆ. ಹಸಿ ಗಡಿಗೆಗಳನ್ನೇ ಸಾಲಾಗಿಟ್ಟು ಮನೆಗೆ ಹೋಗಬೇಕಾದರೆ? ಎಂ.ಡಿ.ಎಸ್. ಓದಿದವರು ತಾವು ಕಲಿತದ್ದರಲ್ಲಿ ಒಂದು ಪಾಲನ್ನಷ್ಟೇ ಇಲ್ಲಿ ಬಳಸುತ್ತಾರೆ; ಆ ಪಾಲಿನಲ್ಲೂ ಒಂದಿಷ್ಟು ಅರ್ಧಕ್ಕೆ ನಿಲ್ಲುತ್ತದೆ.

ನೀರು ಬರೆದ ಕಲೆ

ಕೆಲವು ಕಾಯಿಲೆಗಳಂತೂ ದವಾಖಾನೆಯ ಕುರ್ಚಿಯ ಮೇಲೆ ವಾಸಿಯಾಗುವಂಥವೇ ಅಲ್ಲ. ಕಲಬುರಗಿ, ರಾಯಚೂರು, ಯಾದಗಿರಿ ಸೀಮೆಯ ಅನೇಕ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಒಪ್ಪಿಗೆ. ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂ ಕೊನೆಯ ಮಿತಿ ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಹುಟ್ಟಿನಿಂದ ಎಂಟು ವರ್ಷದೊಳಗೆ, ಶಾಶ್ವತ ಹಲ್ಲುಗಳ ಹೊಳಪಿನ ಪದರ ದವಡೆಯೊಳಗೆ ರೂಪುಗೊಳ್ಳುತ್ತಿರುವಾಗ, ಮಗು ಮಿತಿಮೀರಿದ ಫ್ಲೋರೈಡ್ ನೀರು ಕುಡಿದರೆ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ, ಹಳದಿ, ಕಂದು ಪಟ್ಟೆ ಮೂಡುತ್ತವೆ. ಉಜ್ಜಿದರೆ ಹೋಗುವ ಕಲೆ ಅದಲ್ಲ. ಮದುವೆ ಮಾತಿಗೆ ಬಂದ ಹುಡುಗಿ ಬಾಯಿಗೆ ಸೆರಗು ಮುಚ್ಚಿ ನಗುವಂತೆ ಮಾಡುವ ಕಲೆ.

ತಜ್ಞರು ಮೇಲ್ಪದರವನ್ನು ತೆಳುವಾಗಿ ಸವೆಸಿ, ಬಿಳುಪಿಸಿ, ಬೇಕಾದರೆ ಹಲ್ಲಿನ ಬಣ್ಣದ ಹೊದಿಕೆ ಕೂರಿಸಿ ಕಲೆ ಮರೆಸಬಲ್ಲರು. ಆದರೆ ಅದೇ ಮನೆಯ ತಂಗಿ ಅದೇ ನೀರು ಕುಡಿಯುತ್ತಿರುತ್ತಾಳೆ. ಹತ್ತು ವರ್ಷದ ಮೇಲೆ ಅವಳೂ ಅದೇ ಕುರ್ಚಿಗೆ ಬರುತ್ತಾಳೆ.

ಇಂಥದೇ ಊರಿನಲ್ಲಿ ಕುಳಿತ ದಂತ ವೈದ್ಯನೊಬ್ಬ ತನ್ನ ವೃತ್ತಿಗೆ ಹೊಸ ಅರ್ಥ ಕಂಡುಕೊಂಡ ಕಥೆ ಇಲ್ಲಿ ಹೇಳಬೇಕಾದದ್ದು. ಫ್ರೆಡರಿಕ್ ಮೆಕೇ ಎಂಬ ತರುಣ 1901ರಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಲ್ಲಿ ದವಾಖಾನೆ ತೆರೆದ. ಅಲ್ಲಿನವರ ಹಲ್ಲಿನ ಮೇಲೆ ಕಂದು ಕಲೆ. ಕಾರಣ ಯಾರಿಗೂ ಗೊತ್ತಿಲ್ಲ, ಪುಸ್ತಕದಲ್ಲೂ ಇಲ್ಲ. ಮೆಕೇ ಸುಮ್ಮನಿರಲಿಲ್ಲ. ಊರೂರು ತಿರುಗಿ, ಮಕ್ಕಳ ಬಾಯಿ ನೋಡಿ, ಕುಡಿಯುವ ನೀರಿನ ಮೇಲೆ ಅನುಮಾನಪಟ್ಟ. ಐಡಾಹೊ ರಾಜ್ಯದ ಓಕ್ಲಿ ಎಂಬ ಊರಿನವರು ಅವನ ಮಾತು ಕೇಳಿ 1925ರಲ್ಲಿ ಹಳೆಯ ಕೊಳವೆ ಬಿಟ್ಟು ಬೇರೆ ಒರತೆಯ ನೀರು ತಂದರು. ಮುಂದಿನ ವರ್ಷಗಳಲ್ಲಿ ಅಲ್ಲಿನ ಮಕ್ಕಳಿಗೆ ಕಲೆಯಿಲ್ಲದ ಹಲ್ಲು ಹುಟ್ಟಿದವು. 1931ರಲ್ಲಿ ಎಚ್.ವಿ. ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞ ನೀರು ಪರೀಕ್ಷಿಸಿ ಅದು ಫ್ಲೋರೈಡಿನ ಕೆಲಸವೆಂದು ತೋರಿಸಿದ. ಮೂವತ್ತು ವರ್ಷದ ಹುಡುಕಾಟ ಅದು. ಭಾರತದಲ್ಲಿ ಫ್ಲೋರೈಡ್ ಬಾಧೆಯ ಮೊದಲ ವರದಿ 1937ರಲ್ಲಿ ಬಂದದ್ದು ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ.

ಮೆಕೇಯ ಸಾಧನೆ ಕುರ್ಚಿಯ ಪಕ್ಕದಲ್ಲಿ ಆದದ್ದಲ್ಲ. ಒಂದೊಂದೇ ಹಲ್ಲಿನ ಕಲೆ ತೆಗೆಯುತ್ತ ಕೂತಿದ್ದರೆ ಅವನೂ ಬೇಸತ್ತಿರುತ್ತಿದ್ದನೋ ಏನೋ. ಕಾಯಿಲೆಯ ಮೂಲಕ್ಕೆ ಹೋದದ್ದು ಅವನ ದುಡಿಮೆಗೆ ತಿರುಳು ತಂದಿತು.

ತಂಬಾಕಿನ ಮಾತೂ ಇದೇ. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಈಗ ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ. ಬಾಯಲ್ಲಿ ಎರಡೂ ಒಂದೇ. ಅಡಿಕೆ ಸದಾ ಅಗಿಯುವವರ ಕೆನ್ನೆಯ ಒಳಪದರ ಚರ್ಮದ ಪಟ್ಟಿಯಂತೆ ಬಿಗಿದು ಬಾಯಿ ತೆರೆಯದಾಗುತ್ತದೆ. ಮೂರು ಬೆರಳು ಹೋಗುವಷ್ಟು ತೆರೆಯಬೇಕಾದ ಬಾಯಿ ಒಂದು ಬೆರಳಿಗೆ ಬಂದು ನಿಂತಾಗ ರೊಟ್ಟಿ ತಿನ್ನುವುದೂ ಕಷ್ಟ. ಅದು ಕ್ಯಾನ್ಸರಿಗೆ ತಿರುಗುವ ಅಪಾಯವೂ ಇದೆ. ಅಂಥ ಬಾಯಿಯೊಳಗೆ ಕೈ ಹಾಕಿ ಬೇರುನಾಳ ಹುಡುಕುವ ತಜ್ಞರ ಪಾಡು ಹೇಳತೀರದು. ರೋಗಿ ತಡವಾಗಿ ಬಂದಷ್ಟೂ ತಜ್ಞರ ಕೈ ಕಟ್ಟಿದಂತೆ.

ಮನೆಯ ಹೊತ್ತು

ಎಂಟು ತಾಸು ದುಡಿಮೆ, ಎಂಟು ತಾಸು ವಿರಾಮ, ಎಂಟು ತಾಸು ನಿದ್ದೆ ಎಂಬ ಹಂಚಿಕೆಯನ್ನು ಬ್ರಿಟನ್ನಿನ ರಾಬರ್ಟ್ ಓವನ್ 1817ರಷ್ಟು ಹಿಂದೆಯೇ ಮುಂದಿಟ್ಟ. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊದಲ ಒಡಂಬಡಿಕೆಯೇ ದುಡಿಮೆಯ ತಾಸುಗಳ ಬಗ್ಗೆ. ಸಣ್ಣ ಊರಿನ ಹಲ್ಲಿನ ದವಾಖಾನೆಯ ತಾಸುಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ. ಬೆಳಗ್ಗೆ ಹಳ್ಳಿಯ ರೋಗಿಗಳು, ಮಧ್ಯಾಹ್ನ ಬಿಸಿಲಿಗೆ ಬಿಡುವು, ಸಂಜೆ ಊರೊಳಗಿನ ನೌಕರರು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಸೀಮೆ ಇದು. ಎಲ್ಲರಿಗೂ ರಜೆಯಿರುವ ಐತವಾರವೇ ತಜ್ಞರಿಗೆ ತುಂಬು ದಿನ. ಮಕ್ಕಳು ಮನೆಯಲ್ಲಿರುವ ದಿನವೇ ಅಪ್ಪ ಅಥವಾ ಅಮ್ಮ ಶಹಾಪುರದ ದಾರಿಯಲ್ಲಿ.

ದೇಹವೂ ಲೆಕ್ಕ ಕೇಳುತ್ತದೆ. ಅಂಗೈಯಗಲದ ಜಾಗದಲ್ಲಿ, ಕನ್ನಡಿಯಲ್ಲಿ ತಿರುಗುಮುರುಗಾಗಿ ಕಾಣುವ ಹಲ್ಲಿನ ಮೇಲೆ ಕಣ್ಣಿಟ್ಟು, ಕುತ್ತಿಗೆ ಬಗ್ಗಿಸಿ ಗಂಟೆಗಟ್ಟಲೆ ಕೂರುವ ವೃತ್ತಿಯಿದು. ಕುತ್ತಿಗೆ, ಸೊಂಟ, ಭುಜದ ನೋವು ದಂತ ವೈದ್ಯರಲ್ಲಿ ಜಗತ್ತಿನಾದ್ಯಂತ ಸಾಮಾನ್ಯ. ದಿನಕ್ಕೆ ಹತ್ತು ರೋಗಿಗಳನ್ನು ಬೇರೆ ಬೇರೆ ದಿನ ನೋಡುವುದಕ್ಕೂ, ವಾರದ ರೋಗಿಗಳನ್ನೆಲ್ಲ ಒಂದೇ ದಿನ ಮುಗಿಸಿ ಮತ್ತೆ ಎರಡು ತಾಸು ಕಾರು ಓಡಿಸುವುದಕ್ಕೂ ವ್ಯತ್ಯಾಸವಿದೆ. 2020ರ ಕೋವಿಡ್ ಕಾಲದಲ್ಲಿ, ಬಾಯಿಯಿಂದ ಏಳುವ ತುಂತುರಿನಿಂದಲೇ ಸೋಂಕು ತಗಲುವ ಭಯದಲ್ಲಿ, ತುರ್ತು ಚಿಕಿತ್ಸೆಯ ಹೊರತು ಹಲ್ಲಿನ ದವಾಖಾನೆಗಳು ಬಾಗಿಲು ಹಾಕಿದವು. ದಿನದ ರೋಗಿಯನ್ನೇ ನಂಬಿದವರ ಆದಾಯ ನಿಂತಿತು. ಮಾಸಿಕ ಸಂಬಳದ ಭದ್ರತೆಯ ಬೆಲೆ ಆಗ ಅನೇಕರಿಗೆ ತಿಳಿಯಿತು.

ಇಂದು ದಂತ ವೈದ್ಯಕೀಯ ಕಾಲೇಜುಗಳ ತರಗತಿಯಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಆದರೆ ಸಂಜೆ ಏಳಕ್ಕೆ ಸುರಪುರದಲ್ಲಿ ಕೊನೆಯ ರೋಗಿಯನ್ನು ಮುಗಿಸಿ ಒಬ್ಬಳೇ ಕಲಬುರಗಿಗೆ ಮರಳುವುದು ತಜ್ಞೆಗೆ ಸುಲಭವಲ್ಲ. ಮನೆಯಲ್ಲಿ ಮಗುವಿದ್ದರೆ ಲೆಕ್ಕ ಇನ್ನೂ ಬಿಗಿ. ಹೀಗಾಗಿ ಕಲಿತ ಕೈಗಳಲ್ಲಿ ಒಂದು ಪಾಲು ತಾಲ್ಲೂಕಿನ ದಾರಿಗೆ ಇಳಿಯುವುದೇ ಇಲ್ಲ. ಮಕ್ಕಳ ಹಲ್ಲಿನ ತಜ್ಞೆ ಬಂದರೆ ತಾಯಂದಿರಿಗೆ ಎಷ್ಟು ಧೈರ್ಯ! ಆದರೆ ಬರುವ ದಾರಿಯನ್ನು ಯಾರು ಸುಗಮ ಮಾಡಬೇಕು?

ಕುರ್ಚಿಯೇ ಇಲ್ಲದ ತಜ್ಞರು

ಒಂಬತ್ತು ಕವಲುಗಳಲ್ಲಿ ತಾಲ್ಲೂಕು ಊರು ಕರೆಯುವುದು ಐದಾರನ್ನು ಮಾತ್ರ. ಬಾಯಿಯ ರೋಗಲಕ್ಷಣಶಾಸ್ತ್ರ ಓದಿದವರಿಗೂ, ಸಾರ್ವಜನಿಕ ದಂತ ಆರೋಗ್ಯ ಓದಿದವರಿಗೂ ಖಾಸಗಿ ದವಾಖಾನೆಯಲ್ಲಿ ತಮ್ಮ ವಿದ್ಯೆಗೆ ತಕ್ಕ ಕೆಲಸ ಬಹುತೇಕ ಇಲ್ಲ. ಕಾಲೇಜಿನ ಪಾಠವೇ ಅವರ ಮುಖ್ಯ ಆಸರೆ. ಅಲ್ಲಿ ಜಾಗ ಸಿಗದಿದ್ದರೆ ಸಾಮಾನ್ಯ ವೈದ್ಯರಂತೆ ಹಲ್ಲು ತುಂಬುತ್ತ ಕೂರಬೇಕು.

ವಿಚಿತ್ರವೆಂದರೆ ಯಾದಗಿರಿಗೆ ಎಲ್ಲರಿಗಿಂತ ಹೆಚ್ಚು ಬೇಕಾದವರು ಇವರೇ. 2011ರ ಜನಗಣತಿಯಲ್ಲಿ ಸಾಕ್ಷರತೆ ಶೇ 51.83ರಷ್ಟಿದ್ದು ರಾಜ್ಯದ ಕೊನೆಯ ಸ್ಥಾನದಲ್ಲಿದ್ದ, ಹನ್ನೊಂದೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದ ಜಿಲ್ಲೆಯಿದು. ಯಾವ ಹಳ್ಳಿಯ ನೀರು ಮಕ್ಕಳ ಹಲ್ಲು ಕೆಡಿಸುತ್ತಿದೆ, ಯಾವ ಶಾಲೆಯ ಹುಡುಗರು ಮಸಾಲೆ ಚೀಟಿ ಹರಿಯುತ್ತಿದ್ದಾರೆ ಎಂದು ಲೆಕ್ಕ ಹಿಡಿದು ಹೇಳುವವರು ಬೇಕು. ಕೇಂದ್ರ ಸರ್ಕಾರ 2014-15ರಲ್ಲಿ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಬಡ ಹಿರಿಯರಿಗೆ ಉಚಿತ ಕಟ್ಟುಹಲ್ಲು ಕೊಡಲು ರಾಜ್ಯ ‘ದಂತ ಭಾಗ್ಯ’ ಯೋಜನೆ ತಂದಿತು. ಉದ್ದೇಶ ಒಳ್ಳೆಯದೇ. ಆದರೆ ಕಟ್ಟುಹಲ್ಲಿಗೆ ಅಳತೆ, ಜೋಡಣೆ, ಪರೀಕ್ಷೆ ಎಂದು ನಾಲ್ಕೈದು ಸಲ ಹೋಗಬೇಕು. ಕಾಲೇಜು ಜಿಲ್ಲೆಯ ಹೊರಗಿದ್ದರೆ ಅರವತ್ತು ದಾಟಿದ ಅಜ್ಜಿಯನ್ನು ಅಷ್ಟು ಸಲ ಕರೆದೊಯ್ಯುವವರು ಯಾರು?

ಸಾಕು ಎಂಬ ಲೆಕ್ಕ

ದುಡಿಮೆ ಮತ್ತು ಬದುಕಿನ ತೂಕದ ವಿಚಾರವನ್ನು ಪಶ್ಚಿಮದಿಂದಲೇ ತರಬೇಕಾಗಿಲ್ಲ. ಸುರಪುರದಿಂದ ಕೃಷ್ಣೆ ದಾಟಿದರೆ ಲಿಂಗಸುಗೂರು ತಾಲ್ಲೂಕು. ಅಲ್ಲಿನ ಅಮರೇಶ್ವರದವರೆಂದು ಹೇಳಲಾಗುವ ಹನ್ನೆರಡನೆಯ ಶತಮಾನದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಚೆಲ್ಲಿದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಒಂದು ದಿನ ಆತ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಒಲೆ ಹೊತ್ತಿಸಲಿಲ್ಲ. ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬಾ ಎಂದಳೆಂಬುದು ಕಥೆ. ಕಾಯಕದ ಮಹಿಮೆ ಹೇಳುವಾಗ ಎಲ್ಲರೂ ದುಡಿಮೆಯನ್ನು ನೆನೆಯುತ್ತಾರೆ. ಅದಕ್ಕೆ ‘ಸಾಕು’ ಎಂಬ ಎಲ್ಲೆಯಿತ್ತೆಂಬುದನ್ನು ಮರೆಯುತ್ತಾರೆ.

ಸುರಪುರದ ಇನ್ನೊಂದು ನೆನಪು ಫಿಲಿಪ್ ಮೆಡೋಸ್ ಟೇಲರ್. 1841ರಿಂದ 1853ರ ತನಕ ಆ ಸಂಸ್ಥಾನದಲ್ಲಿದ್ದ ಬ್ರಿಟಿಷ್ ಅಧಿಕಾರಿ ಆತ. ಬಂಗಲೆ ‘ಟೇಲರ್ ಮಂಜಿಲ್’ ಇಂದಿಗೂ ಅಲ್ಲಿದೆ. ಆಳಿದವರ ಕಡೆಯವನಾದರೂ ಆತ ಕಚೇರಿಯಲ್ಲೇ ಬದುಕು ಮುಗಿಸಲಿಲ್ಲ. ಚಿತ್ರ ಬರೆದ, ರಾಜನಕೊಳ್ಳೂರಿನ ಬೃಹತ್ ಶಿಲಾಯುಗದ ಸಮಾಧಿಗಳನ್ನು ಅಭ್ಯಾಸ ಮಾಡಿ ಜಗತ್ತಿಗೆ ತಿಳಿಸಿದ. ಊರನ್ನು ಬರೀ ಕೆಲಸದ ಜಾಗವಾಗಿ ನೋಡದೆ ಬದುಕುವ ಜಾಗವಾಗಿ ನೋಡಿದವನಿಗೆ ಅಲ್ಲಿ ಬೇರು ಬಿಡುವುದು ಸಾಧ್ಯವಾಯಿತು. ಸಂಜೆ ಚೀಲ ಕಟ್ಟಿ ಹೊರಡುವ ತಜ್ಞರಿಗೆ ಮಲಗಿದ ಬುದ್ಧನ ಆಕಾರದ ಶಹಾಪುರದ ಬೆಟ್ಟ ಕಾರಿನ ಕಿಟಕಿಯಾಚೆಯ ನೋಟವಾಗಿ ಮಾತ್ರ ಉಳಿಯುತ್ತದೆ.

ತಜ್ಞರು ಇಲ್ಲೇ ನೆಲೆಸಬೇಕಾದರೆ ಮನೆ, ಮಕ್ಕಳ ಶಾಲೆ, ಸಂಗಾತಿಗೆ ಉದ್ಯೋಗ ಇವು ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಎಂ.ಡಿ.ಎಸ್. ಓದಿಗೆ ತಕ್ಕ ಹುದ್ದೆ, ಕೆಲಸ ಮಾಡಲು ಸಲಕರಣೆ ಬೇಕು. 2022ರಲ್ಲಿ ಯಾದಗಿರಿಗೆ ವೈದ್ಯಕೀಯ ಕಾಲೇಜು ಬಂದಿದೆ. ಸಂವಿಧಾನದ 371ಜೆ ವಿಧಿಯಿಂದ ಈ ಭಾಗದ ಮಕ್ಕಳಿಗೆ ಓದಿನಲ್ಲೂ ಉದ್ಯೋಗದಲ್ಲೂ ಮೀಸಲು ಸಿಕ್ಕಿದೆ. ಇಲ್ಲಿನ ಮಾತು, ‘ಹಲ್ಲು ಜುಮ್ ಅಂತದ್ರಿ’ ಎಂಬುದರ ಅರ್ಥ, ಹುಟ್ಟಿನಿಂದಲೇ ಗೊತ್ತಿರುವ ಸಗರನಾಡಿನ ಮಕ್ಕಳು ತಜ್ಞರಾಗಿ ಮರಳಿದರೆ ದಾರಿಯ ದೂರವೇ ಇರುವುದಿಲ್ಲ.

ಅಲ್ಲಿಯವರೆಗೆ ರೋಗಿಗಳ ಕೈಯಲ್ಲೂ ಒಂದು ಕೆಲಸವಿದೆ. ನೋವು ತಡೆಯದಾದಾಗಲ್ಲ, ಹುಳುಕು ಕಂಡಾಗಲೇ ಹೋಗುವುದು. ಮುಂದಿನ ವಾರ ಬಾ ಎಂದರೆ ಮುಂದಿನ ವಾರವೇ ಹೋಗುವುದು. ಇದರಿಂದ ಹಲ್ಲು ಉಳಿಯುತ್ತದೆ. ಎಂಟು ವರ್ಷ ಓದಿ, ಎಂಬತ್ತು ಕಿಲೋಮೀಟರ್ ದೂರದಿಂದ ಬಂದು, ಕೈಗೆತ್ತಿಕೊಂಡ ಕೆಲಸವನ್ನು ಮುಗಿಸಿದ ಸಮಾಧಾನದಿಂದ ತಜ್ಞರು ಅಂದು ಮನೆಗೆ ಹೋಗುತ್ತಾರೆ. ಆ ಸಮಾಧಾನವಿದ್ದರೆ ಮುಂದಿನ ಐತವಾರವೂ ಬರುತ್ತಾರೆ.